ಫೋರಂ ಥೀಮ್ ಮತ್ತು ಟೆಂಪ್ಲೇಟ್ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋರಂ, ಅಂದರೆ ಆನ್‌ಲೈನ್ ಚರ್ಚಾ ತಾಣ, ನಡೆಸುವವರು ಕೇಳಿದ್ದನ್ನೇ ಕೇಳುತ್ತಾರೆ, ನಾನೂ ಹೇಳಿದ್ದನ್ನೇ ಹೇಳುತ್ತಿರುತ್ತೇನೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಜಾಸ್ತಿ ಕೈಯಾಡಿಸಿರುವುದು ಪಿಎಚ್‌ಪಿಬಿಬಿ ಮತ್ತು ಮೈಬಿಬಿ ಅನ್ನುವ ಫೋರಂ ಸಾಫ್ಟ್‌ವೇರ್‌ಗಳ ಮೇಲೆ. ಎಸ್‌ಎಂಎಫ್, ಝೆನ್‌ಫೋರೋ, ಡಿಸ್ಕೋರ್ಸ್ ಕೂಡ ಅಲ್ಲಲ್ಲಿ ಬರುತ್ತವೆ. ಮೇಲಿಂದ ಕೆಳಗೆ ಓದಲೇಬೇಕು ಅಂತೇನಿಲ್ಲ, ನಿಮ್ಮ ತಲೆನೋವು ಯಾವುದೋ ಅಲ್ಲಿಗೆ ನೇರವಾಗಿ ಹೋಗಿ.

ಥೀಮ್, ಸ್ಟೈಲ್, ಟೆಂಪ್ಲೇಟ್ ಎಲ್ಲ ಒಂದೇನಾ?

ಅಲ್ಲ. ಆದರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ, ಗೊಂದಲ ಆಗುವುದು ಅಲ್ಲೇ.

ಟೆಂಪ್ಲೇಟ್ ಅಂದರೆ ಪುಟದ ಅಸ್ಥಿಪಂಜರ. ಲೋಗೋ ಎಲ್ಲಿ, ಮೆನು ಎಲ್ಲಿ, ಬರೆದವರ ಹೆಸರು ಪೋಸ್ಟಿನ ಎಡಕ್ಕೋ ಮೇಲಕ್ಕೋ ಅನ್ನುವುದನ್ನು ಅದು ಹೇಳುತ್ತದೆ. ಸಿಎಸ್ಎಸ್ ಅಂದರೆ ಬಟ್ಟೆ: ಬಣ್ಣ, ಅಕ್ಷರದ ಗಾತ್ರ, ನಡುವಿನ ಜಾಗ. ಎರಡೂ ಸೇರಿ, ಜೊತೆಗೆ ಒಂದಷ್ಟು ಚಿತ್ರಗಳು ಸೇರಿದರೆ ಅದು ಥೀಮ್. ಪಿಎಚ್‌ಪಿಬಿಬಿಯಲ್ಲಿ ಇದಕ್ಕೆ ಸ್ಟೈಲ್ ಅನ್ನುತ್ತಾರೆ, ಝೆನ್‌ಫೋರೋದಲ್ಲೂ ಸ್ಟೈಲ್, ಮೈಬಿಬಿ, ಎಸ್‌ಎಂಎಫ್ ಮತ್ತು ಡಿಸ್ಕೋರ್ಸ್‌ನಲ್ಲಿ ಥೀಮ್.

ಇಂಟರ್ನೆಟ್‌ನಲ್ಲಿ ಸಿಗುವ ಹಳೆಯ ಲೇಖನ ಓದುವಾಗ ಹುಷಾರಾಗಿರಿ. ಪಿಎಚ್‌ಪಿಬಿಬಿ 3.0 ಕಾಲದಲ್ಲಿ ಟೆಂಪ್ಲೇಟ್, ಥೀಮ್, ಇಮೇಜ್‌ಸೆಟ್ (ಚಿತ್ರಗಳ ಕಟ್ಟು) ಅಂತ ಮೂರು ಬೇರೆ ಬೇರೆ ತುಂಡುಗಳಿದ್ದವು. 2014ರಲ್ಲಿ 3.1 ಬಂದ ಮೇಲೆ ಅವೆಲ್ಲ ಹೋಗಿ ಒಂದೇ ಸ್ಟೈಲ್ ಆಯಿತು. ಹಳೆಯ ಲೇಖನ ನೋಡಿಕೊಂಡು ಇಮೇಜ್‌ಸೆಟ್ ಹುಡುಕುತ್ತಾ ಕೂತರೆ ಅದು ಸಿಗುವುದೇ ಇಲ್ಲ.

ಮೈಬಿಬಿಯಲ್ಲಿ ಇನ್ನೊಂದು ಮಜಾ ಇದೆ. ಅಲ್ಲಿ ಥೀಮ್ ಬೇರೆ, ಟೆಂಪ್ಲೇಟ್ ಸೆಟ್ ಬೇರೆ. ಎರಡು ಥೀಮ್‌ಗಳು ಒಂದೇ ಸೆಟ್ ಹಂಚಿಕೊಂಡಿರಬಹುದು. ಆಗ ಒಂದಕ್ಕೆ ಅಂತ ಮಾಡಿದ ಬದಲಾವಣೆ ಇನ್ನೊಂದರಲ್ಲೂ ಕಾಣಿಸುತ್ತದೆ. ಅದೇನು ಬಗ್ ಅಲ್ಲ.

ನನಗೆ ಪ್ರೋಗ್ರಾಮಿಂಗ್ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಸಿಎಸ್ಎಸ್‌ನಿಂದ. ಅದರಲ್ಲಿ ಏನೇ ತಪ್ಪು ಮಾಡಿದರೂ ಪುಟ ಅಸಹ್ಯವಾಗಿ ಕಾಣಬಹುದು ಅಷ್ಟೇ, ಫೋರಂ ನಿಂತು ಹೋಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಪಿಎಚ್‌ಪಿಬಿಬಿಯ ಮೂಲ ಸ್ಟೈಲ್ ಆದ ಪ್ರೊಸಿಲ್ವರ್‌ನಲ್ಲಿ ವಿಷಯಗಳ ಶೀರ್ಷಿಕೆಯ ಬಣ್ಣ ನಿಮಗೆ ಇಷ್ಟವಿಲ್ಲ ಅಂದುಕೊಳ್ಳಿ. ಕಂಪ್ಯೂಟರಿನಲ್ಲಿ ಫೋರಂ ತೆರೆದು ಒಂದು ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಒತ್ತಿ. ಕೆಳಗೋ ಪಕ್ಕಕ್ಕೋ ಒಂದು ಕಿಟಕಿ ತೆರೆಯುತ್ತದೆ. ಅದರ ಒಂದು ಭಾಗದಲ್ಲಿ ಪುಟದ ಎಚ್‌ಟಿಎಂಎಲ್, ಇನ್ನೊಂದು ಭಾಗದಲ್ಲಿ ಆ ಸಾಲಿಗೆ ಅನ್ವಯವಾಗುವ ಸಿಎಸ್ಎಸ್ ನಿಯಮಗಳು. ಶೀರ್ಷಿಕೆಗೆ ಟಾಪಿಕ್‌ಟೈಟಲ್ ಅನ್ನುವ ಕ್ಲಾಸ್ (ಸಿಎಸ್ಎಸ್ ಗುರುತು ಹಿಡಿಯುವ ಹೆಸರು) ಇರುವುದು ಅಲ್ಲಿ ಕಾಣುತ್ತದೆ. ಕೆಲವು ನಿಯಮಗಳ ಮೇಲೆ ಗೆರೆ ಎಳೆದಿರುತ್ತದೆ, ಅಂದರೆ ಬೇರೆ ಯಾವುದೋ ನಿಯಮ ಅದನ್ನು ಸೋಲಿಸಿದೆ ಎಂದರ್ಥ. ಗೆರೆ ಇಲ್ಲದ ಬಣ್ಣದ ಚೌಕದ ಮೇಲೆ ಕ್ಲಿಕ್ ಮಾಡಿ ಬಣ್ಣ ಬದಲಿಸಿ ನೋಡಿ. ಪುಟ ಅಲ್ಲೇ ಬದಲಾಗುತ್ತದೆ. ಹೆದರಬೇಡಿ, ಇದು ನಿಮ್ಮ ಪರದೆಯಲ್ಲಿ ಮಾತ್ರ, ರಿಫ್ರೆಶ್ ಮಾಡಿದರೆ ಹೋಗುತ್ತದೆ. ಅದೇ ಕಿಟಕಿಯಲ್ಲಿ ನಿಯಮದ ಪಕ್ಕ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ಯಾವ ಫೈಲ್ ಅಂತ ಊಹಿಸಬೇಕಾಗಿಲ್ಲ.

ಪ್ರೊಸಿಲ್ವರ್‌ನಲ್ಲಿ ಬಣ್ಣಗಳೆಲ್ಲ ಕಲರ್ಸ್ ಅನ್ನುವ ಒಂದೇ ಸಿಎಸ್ಎಸ್ ಫೈಲಿನಲ್ಲಿವೆ. ಅದರ ಸ್ಪೆಲಿಂಗ್ ಬ್ರಿಟಿಷ್ ಥರ, ನಡುವೆ ಒಂದು ‘ಯು’ ಇದೆ. ಅಮೆರಿಕನ್ ಸ್ಪೆಲಿಂಗಿನಲ್ಲಿ ಹುಡುಕಿ ಫೈಲೇ ಇಲ್ಲ ಅಂದವರು ಒಬ್ಬಿಬ್ಬರಲ್ಲ.

ಮೂಲ ಥೀಮನ್ನೇ ತಿದ್ದಿದರೆ ಏನು ತೊಂದರೆ? ಕೆಲಸ ಬೇಗ ಮುಗಿಯುತ್ತೆ ಅಲ್ವಾ?

ಮುಗಿಯುತ್ತದೆ, ಮುಂದಿನ ಅಪ್‌ಡೇಟ್ ಬರುವ ತನಕ.

ನಾನೂ ಇದನ್ನೇ ಮಾಡಿದ್ದೆ. ಮೂಲ ಸ್ಟೈಲಿನ ಹೆಡರ್ ಫೈಲಿನಲ್ಲಿ ಸ್ವಲ್ಪ, ಫೂಟರಿನಲ್ಲಿ ಸ್ವಲ್ಪ, ಸಿಎಸ್ಎಸ್‌ನಲ್ಲಿ ಮೂವತ್ತು ನಲವತ್ತು ಸಾಲು, ಹೀಗೆ ತಿಂಗಳುಗಟ್ಟಲೆ ಸುಮ್ನೆ ಅಲ್ಲಲ್ಲೇ ತಿದ್ದುತ್ತಾ ಹೋದೆ, ಎಲ್ಲಿ ಏನು ಮಾಡಿದೆ ಅಂತ ಒಂದು ಕಡೆಯೂ ಬರೆದಿಡಲಿಲ್ಲ. ಒಂದು ರಾತ್ರಿ ಸೆಕ್ಯುರಿಟಿ ಅಪ್‌ಡೇಟ್ ಹಾಕಿದೆ. ಹೊಸ ಫೈಲುಗಳು ಹಳೆಯವನ್ನು ಅಳಿಸಿ ಕೂತವು. ಬೆಳಿಗ್ಗೆ ಫೋರಂ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು, ನೀಲಿ ಪಟ್ಟಿ, ಅದೇ ಲೋಗೋ. ಬ್ಯಾಕಪ್ ಇತ್ತು. ಆದರೆ ಬ್ಯಾಕಪ್‌ನಲ್ಲಿ ನನ್ನ ಸಾಲು ಯಾವುದು, ಮೂಲದ ಸಾಲು ಯಾವುದು ಅಂತ ಬಿಡಿಸುವುದಕ್ಕೇ ಎರಡು ದಿನ ಹಿಡಿಯಿತು.

ಆವತ್ತಿನಿಂದ ನನ್ನದು ಒಂದೇ ಹಟ: ನಾನು ಬರೆದದ್ದು ಮೂಲದ ಜೊತೆ ಬೆರೆಯಬಾರದು, ಬೇರೆ ಜಾಗದಲ್ಲಿ ಇರಬೇಕು. ಮುಂದಿನ ಉತ್ತರಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ಪಿಎಚ್‌ಪಿಬಿಬಿಯಲ್ಲಿ ನನ್ನದೇ ಸ್ಟೈಲ್ ಮಾಡುವುದು ಹೇಗೆ?

ಚೈಲ್ಡ್ ಸ್ಟೈಲ್ ಮಾಡಿ. ಸ್ಟೈಲ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಹೊಸ ಫೋಲ್ಡರ್. ಅದರೊಳಗೆ ಪ್ರೊಸಿಲ್ವರ್‌ನ ಕಾನ್ಫಿಗ್ ಫೈಲಿನ ನಕಲು ಇಟ್ಟು, ಹೆಸರು ಬದಲಿಸಿ, ಪೇರೆಂಟ್ ಅನ್ನುವ ಕಡೆ ಪ್ರೊಸಿಲ್ವರ್ ಅಂತ ಕೊಡಿ. ಆಮೇಲೆ ಆಡಳಿತ ಫಲಕದಲ್ಲಿ ಇನ್‌ಸ್ಟಾಲ್ ಮಾಡಿ.

ಈಗ ನಿಮ್ಮ ಫೋಲ್ಡರಿನಲ್ಲಿ ಯಾವ ಟೆಂಪ್ಲೇಟ್ ಫೈಲ್ ಇಲ್ಲವೋ ಅದನ್ನು ಸಾಫ್ಟ್‌ವೇರ್ ತಾನೇ ಪ್ರೊಸಿಲ್ವರ್‌ನಿಂದ ತೆಗೆದುಕೊಳ್ಳುತ್ತದೆ. ಹೆಡರ್ ಮಾತ್ರ ಬದಲಿಸಬೇಕೇ? ಹೆಡರ್ ಫೈಲ್ ಒಂದನ್ನೇ ನಕಲು ಮಾಡಿ ತಿದ್ದಿ. ಇಡೀ ಪ್ರೊಸಿಲ್ವರ್ ಫೋಲ್ಡರನ್ನು ನಕಲು ಮಾಡಿ ಹೆಸರು ಬದಲಿಸುವವರಿದ್ದಾರೆ, ಆ ಕೆಲಸ ಮಾತ್ರ ಮಾಡಬೇಡಿ. ಮೂಲದಲ್ಲಿ ಆಗುವ ಯಾವ ರಿಪೇರಿಯೂ ನಿಮ್ಮ ನಕಲಿಗೆ ಬರುವುದಿಲ್ಲ.

ಸಿಎಸ್ಎಸ್ ವಿಷಯದಲ್ಲಿ ಒಂದು ಕೊಕ್ಕೆ ಇದೆ. ಟೆಂಪ್ಲೇಟ್ ತಾನಾಗಿ ಬಂದ ಹಾಗೆ ಅದು ಬರುವುದಿಲ್ಲ. ನಿಮ್ಮ ಸ್ಟೈಲ್‌ಶೀಟ್ ಫೈಲಿನ ಮೊದಲ ಸಾಲಿನಲ್ಲೇ ಪ್ರೊಸಿಲ್ವರ್‌ನ ಸ್ಟೈಲ್‌ಶೀಟನ್ನು ಇಂಪೋರ್ಟ್ ಮಾಡಬೇಕು, ನಿಮ್ಮ ನಿಯಮಗಳು ಅದರ ಕೆಳಗೆ. ಇಂಪೋರ್ಟ್ ಸಾಲನ್ನು ನಿಯಮಗಳ ಕೆಳಗೆ ಹಾಕಿದರೆ ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಪುಟ ಬೆತ್ತಲೆಯಾಗಿ ಕಾಣುತ್ತದೆ.

ಬೇರೆ ಸಾಫ್ಟ್‌ವೇರ್‌ಗಳಲ್ಲಿ ಎಲ್ಲಿ ಬರೆಯಬೇಕು?

ಝೆನ್‌ಫೋರೋ 2ರಲ್ಲಿ ಸ್ವಂತ ಸಿಎಸ್ಎಸ್‌ಗೆ ಅಂತಲೇ ಎಕ್ಸ್‌ಟ್ರಾ ಅನ್ನುವ ಲೆಸ್ (ಸಿಎಸ್ಎಸ್‌ನದ್ದೇ ಇನ್ನೊಂದು ರೂಪ) ಟೆಂಪ್ಲೇಟ್ ಇದೆ. ಅದಕ್ಕೂ ಮೊದಲು ಸ್ಟೈಲ್ ಪ್ರಾಪರ್ಟಿಗಳನ್ನು ನೋಡಿ, ಬಣ್ಣ ಮತ್ತು ಅಂತರದ ಬಹುಪಾಲು ಕೆಲಸ ಒಂದು ಸಾಲೂ ಬರೆಯದೆ ಅಲ್ಲೇ ಆಗುತ್ತದೆ. ಟೆಂಪ್ಲೇಟಿನ ನಡುವೆ ಏನಾದರೂ ಸೇರಿಸಬೇಕಿದ್ದರೆ ಟೆಂಪ್ಲೇಟ್ ಮಾಡಿಫಿಕೇಶನ್ ಬಳಸಿ. ಇಂಥ ಸಾಲನ್ನು ಹುಡುಕು, ಅದರ ಜಾಗದಲ್ಲಿ ಇದನ್ನು ಹಾಕು ಅಂತ ಹೇಳಿಟ್ಟರೆ ಮೂಲ ಟೆಂಪ್ಲೇಟ್ ಮುಟ್ಟದೆ ಕೆಲಸ ಆಗುತ್ತದೆ. ನನಗೆ ತುಂಬಾ ಇಷ್ಟವಾದ ಏರ್ಪಾಡು ಇದು.

ಡಿಸ್ಕೋರ್ಸ್‌ನಲ್ಲಿ ಥೀಮ್ ಕಾಂಪೊನೆಂಟ್ ಅಂತ ಚಿಕ್ಕ ಚಿಕ್ಕ ತುಂಡುಗಳನ್ನು ಮಾಡಿ ಥೀಮಿಗೆ ಅಂಟಿಸಬಹುದು, ಗಿಟ್ ರೆಪಾಸಿಟರಿಯಿಂದ (ಕೋಡ್ ಇಡುವ ಉಗ್ರಾಣದಿಂದ) ನೇರವಾಗಿ ಎಳೆದುಕೊಳ್ಳಲೂಬಹುದು. ಅಲ್ಲಿ ಇಡೀ ಟೆಂಪ್ಲೇಟನ್ನೇ ಬದಲಿಸಲು ಹೋಗಬೇಡಿ. ಪ್ಲಗಿನ್ ಔಟ್‌ಲೆಟ್ ಅನ್ನುವ ಗೊತ್ತಾದ ಜಾಗಗಳಿವೆ, ನಿಮ್ಮದನ್ನು ಅಲ್ಲಿ ಸಿಕ್ಕಿಸಿ.

ಎಸ್‌ಎಂಎಫ್‌ನಲ್ಲಿ ಹೊಸ ಥೀಮಿನಲ್ಲಿ ಇಲ್ಲದ ಟೆಂಪ್ಲೇಟ್ ಫೈಲನ್ನು ಡಿಫಾಲ್ಟ್ ಥೀಮಿನಿಂದ ಎತ್ತಿಕೊಳ್ಳುತ್ತದೆ, ಆದ್ದರಿಂದ ಬದಲಿಸಿದ ಫೈಲನ್ನು ಮಾತ್ರ ಇಟ್ಟುಕೊಂಡರೆ ಸಾಕು. ಮೈಬಿಬಿಯಲ್ಲಿ ಟೆಂಪ್ಲೇಟುಗಳು ಫೈಲಿನಲ್ಲಿಲ್ಲ, ಡೇಟಾಬೇಸಿನಲ್ಲಿವೆ. ನೀವು ತಿದ್ದಿದಾಗ ಮೂಲ ಪ್ರತಿ ಹಾಗೇ ಉಳಿದು ನಿಮ್ಮದು ಅದರ ಮೇಲೆ ಕೂರುತ್ತದೆ, ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗಬಹುದು. ಆದರೆ ಬ್ಯಾಕಪ್ ಅಂತ ಫೈಲುಗಳನ್ನಷ್ಟೇ ಇಳಿಸಿಕೊಂಡರೆ ನಿಮ್ಮ ಟೆಂಪ್ಲೇಟ್ ಅದರಲ್ಲಿ ಇರುವುದಿಲ್ಲ! ಡೇಟಾಬೇಸ್ ಕೂಡ ತೆಗೆದುಕೊಳ್ಳಿ.

ತಿದ್ದಿದೆ, ಸೇವ್ ಮಾಡಿದೆ, ಏನೂ ಬದಲಾಗಿಲ್ಲ. ಯಾಕೆ?

ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಮೊದಲು ಒಂದು ಪರೀಕ್ಷೆ ಮಾಡಿ: ನೀವು ತಿದ್ದುತ್ತಿರುವ ಸಿಎಸ್ಎಸ್‌ನ ಕೊನೆಗೆ ಇಡೀ ಪುಟದ ಹಿನ್ನೆಲೆ ಕಡುಗೆಂಪು ಆಗುವ ಒಂದು ಸಾಲು ಹಾಕಿ. ಪುಟ ಕೆಂಪಾದರೆ ಫೈಲ್ ಸರಿಯಿದೆ, ನಿಮ್ಮ ನಿಯಮ ಎಲ್ಲೋ ಸೋಲುತ್ತಿದೆ. ಕೆಂಪಾಗದಿದ್ದರೆ ಒಂದೋ ಕ್ಯಾಶ್ (ಪುಟ ಬೇಗ ತೋರಿಸಲು ಎತ್ತಿಟ್ಟ ಹಳೆಯ ಪ್ರತಿ), ಇಲ್ಲಾ ನೀವು ತಿದ್ದುತ್ತಿರುವುದೇ ಬೇರೆ ಫೈಲ್. (ಪರೀಕ್ಷೆ ಮುಗಿದ ಮೇಲೆ ಆ ಸಾಲು ತೆಗೆಯಿರಿ. ಸದಸ್ಯರು ಬೆಚ್ಚಿಬಿದ್ದಾರು.)

ಕ್ಯಾಶ್ ಮೂರು ಕಡೆ ಇರಬಹುದು. ಬ್ರೌಸರಿನದ್ದಾದರೆ ಕಂಟ್ರೋಲ್ ಹಿಡಿದು ಎಫ್5 ಒತ್ತಿ. ಸಾಫ್ಟ್‌ವೇರಿನದ್ದಾದರೆ, ಪಿಎಚ್‌ಪಿಬಿಬಿಯಲ್ಲಿ ಆಡಳಿತ ಫಲಕದ ಮೊದಲ ಪುಟದಲ್ಲೇ ಕ್ಯಾಶ್ ಖಾಲಿ ಮಾಡುವ ಬಟನ್ ಇದೆ. ಟೆಂಪ್ಲೇಟನ್ನು ಅದು ಒಮ್ಮೆ ಪಿಎಚ್‌ಪಿಗೆ (ಸರ್ವರಿನಲ್ಲಿ ಓಡುವ ಕೋಡಿಗೆ) ಬದಲಿಸಿಕೊಂಡು ಕ್ಯಾಶ್ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ, ಮೂಲ ಫೈಲನ್ನು ಪ್ರತಿ ಸಲ ನೋಡುವುದಿಲ್ಲ. ದಿನವಿಡೀ ಥೀಮ್ ಕೆಲಸ ಇದ್ದರೆ ಲೋಡ್ ಸೆಟ್ಟಿಂಗಿನಲ್ಲಿ, ಹಳತಾದ ಸ್ಟೈಲ್ ಭಾಗಗಳನ್ನು ಮತ್ತೆ ಕಂಪೈಲ್ ಮಾಡು ಅನ್ನುವ ಆಯ್ಕೆ ಆನ್ ಮಾಡಿಕೊಳ್ಳಿ, ಕೆಲಸ ಮುಗಿದ ಮೇಲೆ ನೆನಪಿಟ್ಟು ಆಫ್ ಮಾಡಿ. ಮೂರನೆಯದು ಸರ್ವರ್ ಮುಂದೆ ಕೂರಿಸಿದ ಸಿಡಿಎನ್, ಅಂದರೆ ನಿಮ್ಮ ಫೈಲುಗಳ ಪ್ರತಿ ಇಟ್ಟುಕೊಂಡು ಹಂಚುವ ಸೇವೆ. ಅದನ್ನು ಅದರದ್ದೇ ಫಲಕದಲ್ಲಿ ಖಾಲಿ ಮಾಡಬೇಕು.

ಮೈಬಿಬಿಯವರಿಗೆ ಒಂದು ವಿಶೇಷ ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಪೋಸ್ಟ್ ತೋರಿಸುವ ಟೆಂಪ್ಲೇಟ್ ಎರಡಿವೆ, ಪೋಸ್ಟ್‌ಬಿಟ್ ಮತ್ತು ಪೋಸ್ಟ್‌ಬಿಟ್ ಕ್ಲಾಸಿಕ್. ಒಂದರಲ್ಲಿ ಬರೆದವರ ವಿವರ ಮೇಲೆ, ಇನ್ನೊಂದರಲ್ಲಿ ಪಕ್ಕಕ್ಕೆ. ನಿಮ್ಮ ಫೋರಂ ಕ್ಲಾಸಿಕ್ ಬಳಸುತ್ತಿದ್ದು ನೀವು ಇನ್ನೊಂದನ್ನು ತಿದ್ದುತ್ತಾ ಕೂತರೆ ಬೆಳಗಾದರೂ ಏನೂ ಆಗುವುದಿಲ್ಲ. ಸದಸ್ಯರು ತಮ್ಮ ಸೆಟ್ಟಿಂಗಿನಲ್ಲೂ ಕ್ಲಾಸಿಕ್ ಆರಿಸಿಕೊಳ್ಳಬಹುದು. ಹಾಗಾಗಿ ಎರಡನ್ನೂ ತಿದ್ದುವುದು ಕ್ಷೇಮ.

ನಿಯಮ ಸೋಲುತ್ತಿದೆ ಅಂದ್ರಿ. ಕೊನೆಗೆ ಇಂಪಾರ್ಟೆಂಟ್ ಅಂತ ಹಾಕಿಬಿಡಲಾ?

ಅದು ಉಳಿದ ನಿಯಮಗಳನ್ನು ಮೀರಿಸುವ ಗುರುತು. ಒಂದೆರಡು ಕಡೆ ಪರವಾಗಿಲ್ಲ. ಎಲ್ಲಾ ಕಡೆ ಹಾಕಿದರೆ ನಾಳೆ ನಿಮ್ಮದೇ ಸಾಲನ್ನು ನೀವೇ ಸೋಲಿಸಲು ಆಗುವುದಿಲ್ಲ. ಮೂಲದ ನಿಯಮ ಯಾವ ಸೆಲೆಕ್ಟರ್ (ನಿಯಮ ಯಾವುದಕ್ಕೆ ಅನ್ವಯ ಅಂತ ಹೇಳುವ ಭಾಗ) ಬಳಸಿದೆಯೋ ಅದನ್ನೇ ನಕಲು ಮಾಡಿ ನಿಮ್ಮ ಫೈಲಿನಲ್ಲಿ, ಅಂದರೆ ನಂತರ ಲೋಡ್ ಆಗುವ ಕಡೆ, ಬರೆಯಿರಿ. ಬಲ ಸಮ ಇದ್ದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ.

ಹೊಸ ಥೀಮ್ ಹಾಕಿದೆ, ನನಗೆ ಕಾಣುತ್ತೆ, ಸದಸ್ಯರಿಗೆ ಹಳೆಯದೇ ಕಾಣುತ್ತಂತೆ?

ಡಿಫಾಲ್ಟ್ ಬದಲಿಸಿದರೆ ಅದು ಅತಿಥಿಗಳಿಗೂ ಮುಂದೆ ಸೇರುವವರಿಗೂ ಅನ್ವಯ. ಈಗಾಗಲೇ ಇರುವ ಸದಸ್ಯರ ಖಾತೆಯಲ್ಲಿ ಹಳೆಯ ಆಯ್ಕೆ ಕೂತಿರುತ್ತದೆ. ಪಿಎಚ್‌ಪಿಬಿಬಿಯ ಬೋರ್ಡ್ ಸೆಟ್ಟಿಂಗಿನಲ್ಲಿ ಸದಸ್ಯರ ಸ್ಟೈಲನ್ನು ಮೀರುವ ಆಯ್ಕೆ ಇದೆ, ಮೈಬಿಬಿಯಲ್ಲಿ ಎಲ್ಲರ ಮೇಲೂ ಒಂದೇ ಥೀಮ್ ಹೇರಬಹುದು. ಹೇರುವ ಮುನ್ನ ನಾಲ್ಕು ದಿನ ಮೊದಲೇ ಒಂದು ಪ್ರಕಟಣೆ ಹಾಕಿ. ಜನ ಬಣ್ಣ ಬದಲಾಗಿದ್ದಕ್ಕೆ ಬೈಯುವುದಿಲ್ಲ, ಹೇಳದೇ ಬದಲಿಸಿದ್ದಕ್ಕೆ ಬೈಯುತ್ತಾರೆ.

ಟೆಂಪ್ಲೇಟ್ ತಿದ್ದಿದ ಮೇಲೆ ಇಡೀ ಫೋರಂ ಬಿಳಿ ಪುಟ! ಆಡಳಿತ ಫಲಕಕ್ಕೂ ಹೋಗಲಾಗುತ್ತಿಲ್ಲ!

ಮೊದಲು ಉಸಿರು ತೆಗೆದುಕೊಳ್ಳಿ. ಪೋಸ್ಟುಗಳು ಎಲ್ಲೂ ಹೋಗಿಲ್ಲ, ಅವು ಡೇಟಾಬೇಸಿನಲ್ಲಿವೆ. ಹಾಳಾಗಿರುವುದು ತೋರಿಸುವ ಭಾಗ ಮಾತ್ರ.

ಎಸ್‌ಎಂಎಫ್‌ನಲ್ಲಿ ಟೆಂಪ್ಲೇಟೇ ಪಿಎಚ್‌ಪಿ, ಹಾಗಾಗಿ ಒಂದು ಸೆಮಿಕೋಲನ್ ಬಿಟ್ಟು ಹೋದರೂ ಸಾಕು ಎಲ್ಲ ನಿಲ್ಲುತ್ತದೆ. ಫೋರಂ ವಿಳಾಸದ ಕೊನೆಗೆ ಥೀಮ್ ಸಂಖ್ಯೆ 1 ಅಂತ (?theme=1) ಸೇರಿಸಿದರೆ ಡಿಫಾಲ್ಟ್ ಥೀಮಿನಲ್ಲಿ ತೆರೆಯುತ್ತದೆ. ಆ 1 ಅನ್ನುವುದು ಡಿಫಾಲ್ಟ್ ಥೀಮಿನ ಕ್ರಮಸಂಖ್ಯೆ. ಡಿಸ್ಕೋರ್ಸ್‌ನಲ್ಲಿ ಸೇಫ್ ಮೋಡ್ ಅನ್ನುವ ಪುಟವೇ ಇದೆ, ಥೀಮ್ ಮತ್ತು ಪ್ಲಗಿನ್ ಬಿಟ್ಟು ಒಳಗೆ ಹೋಗಬಹುದು. ಮೈಬಿಬಿ ಮತ್ತು ಝೆನ್‌ಫೋರೋದ ಆಡಳಿತ ಫಲಕಕ್ಕೆ ಬೇರೆಯೇ ಲಾಗಿನ್ ಪುಟ, ಬೇರೆಯೇ ರೂಪ. ಮುಂಬಾಗಿಲು ಮುಚ್ಚಿದ್ದರೂ ಅಲ್ಲಿಂದ ಹೋಗಿ ಟೆಂಪ್ಲೇಟನ್ನು ಮೂಲಕ್ಕೆ ತಿರುಗಿಸಿ.

ಪಿಎಚ್‌ಪಿಬಿಬಿಯಲ್ಲಿ ಆಡಳಿತ ಫಲಕದ ಪುಟಗಳು ಬೇರೆ ಫೋಲ್ಡರಿನಲ್ಲಿವೆ ನಿಜ, ಆದರೆ ಸಾಮಾನ್ಯ ಲಾಗಿನ್ ಪುಟ ಬರುವುದು ನಿಮ್ಮ ಸ್ಟೈಲಿನಲ್ಲೇ. ಲಾಗೌಟ್ ಆಗಿಬಿಟ್ಟಿದ್ದರೆ ಕಷ್ಟ. ಅದಕ್ಕೇ ಹೆಡರ್ ತಿದ್ದುವ ದಿನ ಆಡಳಿತ ಫಲಕವನ್ನು ಇನ್ನೊಂದು ಟ್ಯಾಬಿನಲ್ಲಿ ತೆರೆದೇ ಇಟ್ಟುಕೊಳ್ಳಿ. ಏನೂ ದಾರಿ ಇಲ್ಲದಿದ್ದರೆ ಎಫ್‌ಟಿಪಿಯಲ್ಲಿ (ಸರ್ವರಿಗೆ ಫೈಲ್ ಕಳಿಸುವ ದಾರಿಯಲ್ಲಿ) ಹೋಗಿ ಹಳೆಯ ಫೈಲ್ ವಾಪಸ್ ಹಾಕಿ, ಕ್ಯಾಶ್ ಫೋಲ್ಡರಿನೊಳಗಿನದ್ದನ್ನು ಅಳಿಸಿ. ಹಳೆಯ ಫೈಲ್ ಇಟ್ಟುಕೊಂಡಿದ್ದೀರಿ ತಾನೇ?

ಇನ್ನೊಂದು ಸಣ್ಣ ಕಾರಣ: ಫೈಲನ್ನು ಯುಟಿಎಫ್-8ನಲ್ಲಿ (ಅಕ್ಷರಗಳನ್ನು ಉಳಿಸುವ ಪದ್ಧತಿ) ಸೇವ್ ಮಾಡುವಾಗ ಕೆಲವು ಎಡಿಟರುಗಳು ಶುರುವಿನಲ್ಲಿ ಬಿಒಎಂ ಅನ್ನುವ ಕಾಣದ ಗುರುತು ಸೇರಿಸುತ್ತವೆ. ಪಿಎಚ್‌ಪಿ ಫೈಲಿನಲ್ಲಿ ಅದು ಇದ್ದರೆ ಹೆಡರ್ (ಟೆಂಪ್ಲೇಟಿನದ್ದಲ್ಲ, ಪುಟಕ್ಕೂ ಮೊದಲು ಬ್ರೌಸರಿಗೆ ಹೋಗುವ ಮಾಹಿತಿ) ಈಗಾಗಲೇ ಕಳಿಸಲಾಗಿದೆ ಅನ್ನುವ ವಿಚಿತ್ರ ಎಚ್ಚರಿಕೆ ಬರುತ್ತದೆ. ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ.

ಪುಟ ಚೆನ್ನಾಗಿ ಕಾಣುತ್ತೆ, ಆದರೆ ಫಾರ್ಮ್ ಕಳಿಸಿದರೆ ಎರರ್ ಬರುತ್ತೆ.

ಟೆಂಪ್ಲೇಟ್ ಚಂದ ಮಾಡುವಾಗ ಯಾವುದೋ ಅಡಗಿದ ಸಾಲನ್ನು ಕಿತ್ತು ಹಾಕಿದ್ದೀರಿ. ಫೋರಂ ಸಾಫ್ಟ್‌ವೇರುಗಳು ಫಾರ್ಮಿನೊಳಗೆ ಒಂದು ರಹಸ್ಯ ಟೋಕನ್ ಇಡುತ್ತವೆ, ಬೇರೆ ಸೈಟಿನವರು ನಿಮ್ಮ ಸದಸ್ಯರ ಹೆಸರಿನಲ್ಲಿ ಫಾರ್ಮ್ ಕಳಿಸದಂತೆ ತಡೆಯುವುದಕ್ಕೆ. ಪಿಎಚ್‌ಪಿಬಿಬಿಯಲ್ಲಿ ಅದರ ಹೆಸರು ಫಾರ್ಮ್ ಟೋಕನ್, ಮೈಬಿಬಿಯಲ್ಲಿ ಮೈ ಪೋಸ್ಟ್ ಕೀ. ಪರದೆಯಲ್ಲಿ ಕಾಣುವುದಿಲ್ಲವಾದ್ದರಿಂದ ಇದೇನೋ ಕಸ ಅಂತ ಅಳಿಸಿಬಿಡುತ್ತಾರೆ. ಮೂಲ ಟೆಂಪ್ಲೇಟ್ ಪಕ್ಕದಲ್ಲಿಟ್ಟು ಹೋಲಿಸಿ, ವಾಪಸ್ ಸೇರಿಸಿ.

ಒಂದು ಎಕ್ಸ್‌ಟೆನ್ಶನ್ ಮೂಲ ಥೀಮಿನಲ್ಲಿ ಕಾಣುತ್ತೆ, ನನ್ನ ಥೀಮಿನಲ್ಲಿ ಕಾಣಲ್ಲ.

ಎಕ್ಸ್‌ಟೆನ್ಶನ್ ಅಂದರೆ ಫೋರಂಗೆ ಹೊಸ ಸೌಲಭ್ಯ ಸೇರಿಸುವ ತುಂಡು. ಇದೂ ಮೇಲಿನದರ ಅಣ್ಣನೇ. ಪಿಎಚ್‌ಪಿಬಿಬಿ 3.1ರಿಂದ ಎಕ್ಸ್‌ಟೆನ್ಶನ್‌ಗಳು ಟೆಂಪ್ಲೇಟಿನಲ್ಲಿ ಈವೆಂಟ್ ಅನ್ನುವ ಗುರುತುಗಳ ಜಾಗದಲ್ಲಿ ತಮ್ಮ ಸಾಲುಗಳನ್ನು ತೂರಿಸುತ್ತವೆ. ತೊಂದರೆ ಏನೆಂದರೆ ಆ ಗುರುತುಗಳಲ್ಲಿ ಎಷ್ಟೋ ಎಚ್‌ಟಿಎಂಎಲ್ ಕಾಮೆಂಟಿನ (ಪುಟದಲ್ಲಿ ಕಾಣದ ಟಿಪ್ಪಣಿಯ) ಥರವೇ ಕಾಣುತ್ತವೆ. ಸದಸ್ಯ ಲಾಗಿನ್ ಆಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಅನ್ನುವ ಷರತ್ತುಗಳು ಕೂಡ ಹಳೆಯ ಶೈಲಿಯಲ್ಲಿ ಕಾಮೆಂಟಿನ ವೇಷದಲ್ಲೇ ಇರುತ್ತವೆ. ಗೆಳೆಯರೊಬ್ಬರು ಪುಟ ಹಗುರ ಆಗಲಿ ಅಂತ ಕಾಮೆಂಟುಗಳನ್ನೆಲ್ಲ ಅಳಿಸಿ, ಅತಿಥಿಗಳಿಗೂ ಸದಸ್ಯರಿಗೂ ಎರಡೆರಡು ಮೆನು ಒಟ್ಟಿಗೆ ಕಾಣುವ ಹಾಗೆ ಮಾಡಿಕೊಂಡಿದ್ದರು. ನೋಡಿ ನಕ್ಕಿದ್ದೇ ನಕ್ಕಿದ್ದು.

ಮೈಬಿಬಿಯಲ್ಲಿ ಬಹಳಷ್ಟು ಪ್ಲಗಿನ್‌ಗಳು ಆನ್ ಆಗುವಾಗ ಟೆಂಪ್ಲೇಟಿನಲ್ಲಿ ಒಂದು ಗೊತ್ತಾದ ಪಠ್ಯ ಹುಡುಕಿ ಅದರ ಪಕ್ಕ ತಮ್ಮ ವೇರಿಯಬಲ್ (ಅವುಗಳ ವಿಷಯ ಬಂದು ಕೂರುವ ಗುರುತು) ಸೇರಿಸುತ್ತವೆ. ನೀವು ಆ ಪಠ್ಯ ಬದಲಿಸಿದ್ದರೆ ಅವಕ್ಕೆ ಜಾಗ ಸಿಗುವುದಿಲ್ಲ. ಪ್ಲಗಿನ್ನಿನ ಸೂಚನೆ ಓದಿ, ವೇರಿಯಬಲ್ ಯಾವುದು ಅಂತ ತಿಳಿದು ಕೈಯಾರೆ ಹಾಕಿ.

ನನ್ನ ಲೋಗೋ ಅರ್ಧ ಮಾತ್ರ ಕಾಣುತ್ತೆ.

ಪ್ರೊಸಿಲ್ವರ್‌ನಲ್ಲಿ ಲೋಗೋ ಅನ್ನುವುದು ಸಿಎಸ್ಎಸ್‌ನಲ್ಲಿ ಹಿನ್ನೆಲೆ ಚಿತ್ರ. ಅದರ ಪೆಟ್ಟಿಗೆಗೆ 149 ಪಿಕ್ಸೆಲ್ ಅಗಲ, 52 ಪಿಕ್ಸೆಲ್ ಎತ್ತರ ಅಂತ ಬರೆದಿಟ್ಟಿದೆ. ಚಿತ್ರ ದೊಡ್ಡದಾದರೂ ಪೆಟ್ಟಿಗೆ ಅಷ್ಟೇ. ನಿಮ್ಮ ಸ್ಟೈಲ್‌ಶೀಟಿನಲ್ಲಿ ಅಗಲ, ಎತ್ತರ ಎರಡನ್ನೂ ಬದಲಿಸಿ. ಮೊಬೈಲಿನಲ್ಲಿ ಪರದೆ ದಾಟದ ಹಾಗೆ ಗರಿಷ್ಠ ಅಗಲ ನೂರು ಪರ್ಸೆಂಟ್ ಅಂತಲೂ ಸೇರಿಸಿ.

‘ರಿಪ್ಲೈ’ ಅನ್ನುವುದನ್ನು ‘ಉತ್ತರಿಸಿ’ ಅಂತ ಮಾಡಬೇಕು. ಯಾವ ಟೆಂಪ್ಲೇಟ್?

ಯಾವ ಟೆಂಪ್ಲೇಟೂ ಅಲ್ಲ. ಪರದೆ ಮೇಲಿನ ಮಾತುಗಳು ಭಾಷಾ ಫೈಲಿನಲ್ಲಿರುತ್ತವೆ, ಟೆಂಪ್ಲೇಟಿನಲ್ಲಿ ಅದರ ಕೀ (ಆ ಮಾತನ್ನು ಸೂಚಿಸುವ ಹೆಸರು) ಮಾತ್ರ. ಝೆನ್‌ಫೋರೋದಲ್ಲಿ ಫ್ರೇಸ್ ಅನ್ನುತ್ತಾರೆ, ಡಿಸ್ಕೋರ್ಸ್‌ನಲ್ಲಿ ಸೈಟ್ ಟೆಕ್ಸ್ಟ್ ಅಂತ ಒಂದು ವಿಭಾಗವೇ ಇದೆ. ಟೆಂಪ್ಲೇಟಿನಲ್ಲಿ ನೇರವಾಗಿ ಕನ್ನಡ ತುರುಕಿದರೆ ಆ ಒಂದು ಕಡೆ ಬದಲಾಗುತ್ತದೆ, ಅದೇ ಮಾತು ಇರುವ ಉಳಿದ ಪುಟಗಳಲ್ಲಿ ಇಂಗ್ಲಿಷ್ ಹಾಗೇ ಉಳಿಯುತ್ತದೆ.

ಕನ್ನಡದಲ್ಲಿ ಬರೆದರೆ ಅಕ್ಷರದ ಕೆಳಭಾಗ ಕತ್ತರಿಸಿದ ಹಾಗೆ ಕಾಣುತ್ತೆ. ಫಾಂಟ್ ಸರಿ ಇಲ್ವಾ?

ಬಹಳ ಸಲ ಫಾಂಟ್ ಸರಿಯಾಗೇ ಇರುತ್ತದೆ, ಥೀಮಿನದ್ದೇ ತಪ್ಪು. ಹೆಚ್ಚಿನ ಥೀಮ್‌ಗಳನ್ನು ಇಂಗ್ಲಿಷ್ ಅಕ್ಷರ ಕಣ್ಣ ಮುಂದಿಟ್ಟುಕೊಂಡು ಮಾಡಿರುತ್ತಾರೆ. ಅವರಿಗೆ ಒತ್ತಕ್ಷರ ಅಂದರೇನು ಅಂತ ಗೊತ್ತಿರುವುದಿಲ್ಲ. ‘ಶಸ್ತ್ರಾಸ್ತ್ರ’ ಅಂತ ಒಂದು ಶೀರ್ಷಿಕೆ ಹಾಕಿ ನೋಡಿ, ಥೀಮಿನ ಬಂಡವಾಳ ಬಯಲಾಗುತ್ತದೆ. ಸಕಾರದ ಕೆಳಗೆ ತಕಾರದ ಒತ್ತು, ಜೊತೆಗೆ ರಕಾರದ ಒತ್ತು. ಸಾಲಿನ ಎತ್ತರ 1.2 ಅಂತ ಇದ್ದರೆ ಆ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ಡಿಕ್ಕಿ ಹೊಡೆಯುತ್ತವೆ.

ಪೋಸ್ಟಿನ ಪಠ್ಯಕ್ಕೆ ಸಾಲಿನ ಎತ್ತರ 1.6ರಿಂದ 1.8ರವರೆಗೆ ಇಡಿ. ಬಟನ್, ಮೆನು, ಟ್ಯಾಬುಗಳಿಗೆ ಪಿಕ್ಸೆಲಿನಲ್ಲಿ ಎತ್ತರ ನಿಗದಿ ಮಾಡಿ ಮೀರಿದ್ದನ್ನು ಮರೆಮಾಡು ಅಂತ ಬರೆದಿರುತ್ತಾರೆ, ಒತ್ತು ಕತ್ತರಿಸಿ ಹೋಗುವುದು ಅಲ್ಲೇ. ಎತ್ತರ ತೆಗೆದು ಮೇಲೆ ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ನಿಯಮ ಇದ್ದರೆ ಸೊನ್ನೆ ಮಾಡಿ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಇಟಾಲಿಕ್ ಕೂಡ ಅಷ್ಟೇ: ಇಟಾಲಿಕ್ ರೂಪ ಇಲ್ಲದ ಫಾಂಟನ್ನು ಬ್ರೌಸರ್ ಸುಮ್ನೆ ಓರೆ ಮಾಡಿ ನಿಲ್ಲಿಸುತ್ತದೆ. ಉಲ್ಲೇಖದ ಪೆಟ್ಟಿಗೆಗೆ ಓರೆ ಅಕ್ಷರದ ಬದಲು ಬೇರೆ ಹಿನ್ನೆಲೆ ಬಣ್ಣ ಕೊಟ್ಟರೆ ಕಣ್ಣಿಗೂ ಹಿತ.

ಫಾಂಟ್ ಪಟ್ಟಿಯಲ್ಲಿ ನೋಟೋ ಸ್ಯಾನ್ಸ್ ಕನ್ನಡದಂಥ ಒಂದು ಹೆಸರು ಸೇರಿಸಿ. ಪಟ್ಟಿಯಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಒಬ್ಬೊಬ್ಬರ ಸಾಧನದಲ್ಲಿ ಒಂದೊಂದು ಥರ ಕಾಣುತ್ತದೆ. ಅಕ್ಷರದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಮಾತ್ರ ಅದು ಫಾಂಟೂ ಅಲ್ಲ, ಥೀಮೂ ಅಲ್ಲ. ಡೇಟಾಬೇಸಿನ ಕ್ಯಾರೆಕ್ಟರ್ ಸೆಟ್ (ಅದು ಯಾವ ಅಕ್ಷರಗಳನ್ನು ಇಟ್ಟುಕೊಳ್ಳಬಲ್ಲದು ಅನ್ನುವ ಸೆಟ್ಟಿಂಗ್) ನೋಡಿ.

ಮೊಬೈಲಿನಲ್ಲಿ ಪುಟ ಅಡ್ಡಡ್ಡ ಜಾರುತ್ತೆ.

ಹೆಡರಿನಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸು ಅಂತ ಹೇಳುವ ಸಾಲು) ಉಳಿದಿದೆಯೇ ನೋಡಿ. ಇದ್ದರೆ, ಯಾವುದೋ ಒಂದು ವಸ್ತು ಪರದೆಗಿಂತ ಅಗಲ ಇದೆ. ಸಾಮಾನ್ಯವಾಗಿ ಜಾಹೀರಾತು, ಟೇಬಲ್, ಇಲ್ಲವೇ ಸದಸ್ಯರು ಹಾಕಿದ ದೊಡ್ಡ ಚಿತ್ರ. ಪ್ರೊಸಿಲ್ವರ್ 3.1ರಿಂದ ಮೊಬೈಲಿಗೆ ಹೊಂದಿಕೊಳ್ಳುತ್ತದೆ, ಅದರ ಬಹಳಷ್ಟು ನಿಯಮಗಳು 700 ಪಿಕ್ಸೆಲಿಗಿಂತ ಕಡಿಮೆ ಅಗಲದಲ್ಲಿ ಜಾರಿಗೆ ಬರುತ್ತವೆ. ನೀವು ಸೇರಿಸುವುದನ್ನೂ ಅದೇ ಅಳತೆಗೆ ಕಟ್ಟಿ. ಐಫೋನಿನಲ್ಲಿ ಹುಡುಕುವ ಪೆಟ್ಟಿಗೆ ಮುಟ್ಟಿದ ಕೂಡಲೇ ಪುಟ ಜೂಮ್ ಆಗುವುದಾದರೆ ಆ ಪೆಟ್ಟಿಗೆಯ ಅಕ್ಷರದ ಗಾತ್ರ 16 ಪಿಕ್ಸೆಲಿಗಿಂತ ಕಡಿಮೆ ಇದೆ ಅಂತ ಅರ್ಥ.

ಡಾರ್ಕ್ ಥೀಮ್ ಮಾಡುವುದು ಸುಲಭ ಅಲ್ವಾ? ಬಿಳಿ ಇದ್ದದ್ದನ್ನು ಕಪ್ಪು ಮಾಡಿದರೆ ಆಯಿತು.

ಹಾಗೆ ಅಂದುಕೊಂಡೇ ನಾನೂ ಒಂದು ಭಾನುವಾರ ಕೂತೆ, ಮುಗಿಯುವಾಗ ಮುಂದಿನ ಭಾನುವಾರ. ಬಣ್ಣಗಳು ನೂರಾರು ಕಡೆ ಇರುತ್ತವೆ: ಓದದ ಪೋಸ್ಟು, ಉಲ್ಲೇಖ, ಕೋಡ್ ಪೆಟ್ಟಿಗೆ, ಎಚ್ಚರಿಕೆ, ಮಾಡರೇಟರ್ ಹೆಸರು. ಮೊದಲು ಎಂಟು ಹತ್ತು ಬಣ್ಣಗಳನ್ನು ಸಿಎಸ್ಎಸ್ ವೇರಿಯಬಲ್ ಆಗಿ ಬರೆದುಕೊಂಡು ಎಲ್ಲ ಕಡೆ ಅವನ್ನೇ ಬಳಸಿ, ಆಮೇಲೆ ಬೆಲೆ ಬದಲಿಸಿದರೆ ಸಾಕು. ಸಾಧನದ ಡಾರ್ಕ್ ಆಯ್ಕೆ ನೋಡಿ ತಾನಾಗಿ ಬದಲಾಗುವ ಮೀಡಿಯಾ ಕ್ವೆರಿ ಕೂಡ ಇದೆ.

ಕಾಡುವುದು ಹಳೆಯ ಪೋಸ್ಟುಗಳು. ಯಾರೋ ಯಾವತ್ತೋ ಕಪ್ಪು ಬಣ್ಣದ ಟ್ಯಾಗ್ ಹಾಕಿ ಬರೆದಿರುತ್ತಾರೆ, ಕಪ್ಪು ಹಿನ್ನೆಲೆಯಲ್ಲಿ ಅದು ಮಾಯ. ಅಚ್ಚ ಕಪ್ಪಿನ ಬದಲು ಬೂದು ಹಿನ್ನೆಲೆ ಇಟ್ಟರೆ ಅಷ್ಟಿಷ್ಟು ಕಾಣುತ್ತದೆ, ಪೂರ್ತಿ ಪರಿಹಾರ ಅಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಲಿ ಅನ್ನುವುದು ಡಬ್ಲ್ಯೂಸಿಎಜಿ (ವೆಬ್ ಪುಟ ಎಲ್ಲರಿಗೂ ಬಳಸಲಾಗುವಂತಿರಲಿ ಅನ್ನುವ ಮಾರ್ಗಸೂಚಿ) ಮಾನದಂಡ, ಬ್ರೌಸರಿನ ಅದೇ ಇನ್‌ಸ್ಪೆಕ್ಟ್ ಕಿಟಕಿ ಅದನ್ನು ಲೆಕ್ಕ ಹಾಕಿ ತೋರಿಸುತ್ತದೆ. ಝೆನ್‌ಫೋರೋ 2.3 ಬಳಸುವವರು ಅದೃಷ್ಟವಂತರು, ಲೈಟ್ ಮತ್ತು ಡಾರ್ಕ್ ಎರಡೂ ಅದರಲ್ಲೇ ಬರುತ್ತವೆ.

ದುಡ್ಡು ಕೊಡುವ ಥೀಮ್ ಒಂದು ಕಡೆ ಫ್ರೀಯಾಗಿ ಸಿಕ್ಕಿದೆ. ಹಾಕಲಾ?

ಬೇಡ. ಲೈಸೆನ್ಸ್ ಮುರಿದು ಹಂಚುವ ಥೀಮಿನಲ್ಲಿ ಹಂಚಿದವನಿಗೆ ಏನು ಲಾಭ ಅಂತ ಒಮ್ಮೆ ಯೋಚಿಸಿ. ಫೂಟರಿನಲ್ಲಿ ಕಾಣದ ಲಿಂಕುಗಳು, ಗೂಢಲಿಪಿಯಲ್ಲಿ ಬರೆದ ಪಿಎಚ್‌ಪಿ ಸಾಲುಗಳು, ಸದಸ್ಯರ ಪಾಸ್‌ವರ್ಡ್ ಕದಿಯುವ ಜಾವಾಸ್ಕ್ರಿಪ್ಟ್, ಏನು ಬೇಕಾದರೂ ಇರಬಹುದು. ಸಾಫ್ಟ್‌ವೇರಿನ ಅಧಿಕೃತ ಸಂಗ್ರಹದಲ್ಲೇ ಉಚಿತ ಥೀಮ್‌ಗಳಿವೆ. ನಿಮ್ಮ ಆವೃತ್ತಿಗೆ ಹೊಂದುವುದೇ ಅಂತ ನೋಡಿ ತೆಗೆದುಕೊಳ್ಳಿ.

ಕೆಳಗಿನ ‘ಪವರ್ಡ್ ಬೈ’ ಸಾಲು ತೆಗೆಯಬಹುದಾ?

ಲೈಸೆನ್ಸ್ ನೋಡಿ. ಝೆನ್‌ಫೋರೋದಲ್ಲಿ ತೆಗೆಯಲು ಬೇರೆ ಹಣ ಕಟ್ಟಬೇಕು. ಉಚಿತವಾಗಿ ಸಿಕ್ಕಿದ ಸಾಫ್ಟ್‌ವೇರಿನಲ್ಲಿ ಅದೊಂದು ಸಾಲು ಇರಲಿ ಬಿಡಿ, ಏನು ಭಾರ?

ಹೊಸ ಆವೃತ್ತಿ ಬಂತು. ನನ್ನ ಥೀಮ್ ಗತಿ ಏನು?

ಸಿಎಸ್ಎಸ್ ಮಾತ್ರ ಬರೆದಿದ್ದರೆ ಹೆಚ್ಚಾಗಿ ಏನೂ ಆಗುವುದಿಲ್ಲ. ನಕಲು ಮಾಡಿ ತಿದ್ದಿದ ಟೆಂಪ್ಲೇಟುಗಳಿದ್ದರೆ ಒಂದೊಂದನ್ನೂ ನೋಡಬೇಕು. ಮೂಲದಲ್ಲಿ ಒಂದು ಹೊಸ ಸಾಲು ಬಂದಿರುತ್ತದೆ, ನಿಮ್ಮ ನಕಲಿನಲ್ಲಿ ಇರುವುದಿಲ್ಲ. ಮೈಬಿಬಿಯಲ್ಲಿ ಬದಲಾದ ಟೆಂಪ್ಲೇಟ್ ಹುಡುಕುವ ಸಾಧನ ಇದೆ, ಝೆನ್‌ಫೋರೋ ಹಳತಾದ ಟೆಂಪ್ಲೇಟುಗಳ ಪಟ್ಟಿ ಕೊಡುತ್ತದೆ. ಪಿಎಚ್‌ಪಿಬಿಬಿಯವರು ಹಳೆಯ ಆವೃತ್ತಿಯ ಪ್ರೊಸಿಲ್ವರ್ ಮತ್ತು ಹೊಸದನ್ನು ವಿನ್‌ಮರ್ಜ್ ಅಥವಾ ಮೆಲ್ಡ್‌ನಂಥ ಹೋಲಿಕೆ ಸಾಧನದಲ್ಲಿ ತೆರೆದು, ಬದಲಾದ ಸಾಲುಗಳನ್ನು ತಮ್ಮ ನಕಲಿಗೆ ದಾಟಿಸಿಕೊಳ್ಳಬೇಕು.

ಇದನ್ನೆಲ್ಲ ಮೊದಲು ಓಡುವ ಫೋರಂ ಮೇಲೆ ಮಾಡಬೇಡಿ. ನಿಮ್ಮ ಕಂಪ್ಯೂಟರಿನಲ್ಲೋ ಸರ್ವರಿನ ಬೇರೆ ಫೋಲ್ಡರಿನಲ್ಲೋ ಒಂದು ಪ್ರತಿ ಇಟ್ಟುಕೊಂಡು ಅಲ್ಲಿ ನೋಡಿ. ಇಡುವಾಗ ಆ ಪ್ರತಿಯಿಂದ ಇಮೇಲ್ ಹೋಗದಂತೆ ಆಫ್ ಮಾಡಿ. ನಾನೊಮ್ಮೆ ಮರೆತು, ಪರೀಕ್ಷೆಗೆ ಅಂತ ಹಾಕಿದ ಪೋಸ್ಟಿನ ಸೂಚನೆ ಚಂದಾದಾರರಿಗೆಲ್ಲ ಹೋಗಿತ್ತು. ಪೋಸ್ಟಿನಲ್ಲಿ ಬರೆದದ್ದು ‘ಅಆಇಈ ಕೆಂಪು ಬಂತಾ’ ಅಂತ. ಬಂತು ಅಂತ ಮೂರು ಜನ ಉತ್ತರ ಬರೆದರು.